ಕೀಲೆಣ್ಣೆಯ ಗೊಟ್ಟದಿಂದ ರಬ್ಬರಿನ ಬುಷ್‌ವರೆಗೆ

ಕಳೆದ ವಸಂತದಲ್ಲಿ ನಮ್ಮ ಮನೆಯ ಹಳೆಯ ಪಿಕಪ್ ಟ್ರಕ್ಕಿನ ಹಿಂಬದಿಯಿಂದ ಒಂದು ಸದ್ದು ಕೇಳಿಬರತೊಡಗಿತು. ನಯವಾದ ಹೆದ್ದಾರಿಯಲ್ಲಿ ಅದರ ಸುಳಿವೇ ಇರಲಿಲ್ಲ. ಹಿಮ ಕರಗಿ ಗುಂಡಿಬಿದ್ದ ಮಿಷಿಗನ್ನಿನ ಒಳರಸ್ತೆಗೆ ಇಳಿದೊಡನೆ, ಖಾಲಿ ಪೆಟ್ಟಿಗೆಯನ್ನು ಯಾರೋ ಮರದ ಸುತ್ತಿಗೆಯಿಂದ ತಟ್ಟಿದಂತೆ ಟಕ್ ಟಕ್ ಎಂಬ ಸದ್ದು. ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದಾಗ ಕಾರಣ ತಿಳಿಯಿತು. ಷಾಕ್ ಅಬ್ಸಾರ್ಬರಿನ ಕೆಳತುದಿಯ ಉಂಗುರದೊಳಗೆ ಇರಬೇಕಾದ ರಬ್ಬರಿನ ಬುಷ್ ಒಣಗಿ, ಸೀಳಿ, ಒಂದು ಬದಿಗೆ ಜರುಗಿತ್ತು. ಬೋಲ್ಟು ಉಂಗುರಕ್ಕೆ ನೇರವಾಗಿ ಬಡಿಯುತ್ತಿತ್ತು. ಇಪ್ಪತ್ತೈದು ವರ್ಷ ಕಳೆದ ವಾಹನದಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ. ಹೆಬ್ಬೆರಳಿನ ಗಾತ್ರದ ಆ ವಸ್ತುವಿನ ಬೆಲೆ ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಕಡಿಮೆ. ಆದರೆ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಕುಳಿತಾಗ, ಇದು ಇಲ್ಲಿಗೆ ಬಂದು ಸೇರಿದ ಬಗೆಯನ್ನು ತಿಳಿಯಬೇಕೆನಿಸಿತು. ವಾಹನಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಎಂಜಿನ್ನಿನ ಚರಿತ್ರೆ. ಕೀಲುಗಳ ಚರಿತ್ರೆಯನ್ನು ಬರೆಯುವವರು ವಿರಳ.

ಕೀಲು ಎಂಬುದು ಕನ್ನಡದ ಒಳ್ಳೆಯ ಮಾತು. ಮೊಣಕಾಲಿನದೂ ಕೀಲೇ, ಗಾಡಿಯದೂ ಕೀಲೇ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುವ ಜಿಡ್ಡಿಗೆ ಕೀಲೆಣ್ಣೆ ಎಂದೇ ಹೆಸರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಅದನ್ನು ಗಾಡಿಗೇ ತೂಗುಹಾಕಿಕೊಂಡು ಹೋಗುತ್ತಿದ್ದರು. ದೂರದ ಪಯಣಕ್ಕೆ ಮುನ್ನ ಕಡಾಣಿ ಕಿತ್ತು, ಚಕ್ರವನ್ನು ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದು ಗಾಡಿ ಹೊಡೆಯುವವನ ಕರ್ತವ್ಯ. ಕೀಲು ಎಂದರೆ ಸವೆಯುವ ಜಾಗ, ಆದ್ದರಿಂದ ಆಗಾಗ ಕಣ್ಣಿಟ್ಟು ನೋಡಬೇಕಾದ ಜಾಗ ಎಂಬ ತಿಳಿವಳಿಕೆ ಆ ಒಂದು ಹೆಸರಿನಲ್ಲೇ ಅಡಕವಾಗಿದೆ. ಅಮೆರಿಕದ ಗಾಡಿಗಳ ಕಥೆಯೂ ಇಲ್ಲಿಂದ ಬಹಳ ಭಿನ್ನವಾಗಿ ಆರಂಭವಾಗುವುದಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ರೈತರ ಸರಕು ಹೊತ್ತು ಬೆಟ್ಟ ದಾಟುತ್ತಿದ್ದ ಕಾನೆಸ್ಟೋಗಾ ಬಂಡಿಗಳಿಗೆ ಸ್ಪ್ರಿಂಗು ಎಂಬುದೇ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಮರದ ಹೊಟ್ಟೆ. ಹೊಡೆಯುವವನು ಹೆಚ್ಚಾಗಿ ಬಂಡಿಯ ಪಕ್ಕದಲ್ಲೇ ನಡೆದುಹೋಗುತ್ತಿದ್ದನು. ಆಸನವಿದ್ದರೂ ಅದರ ಮೇಲೆ ಕುಳಿತಿರುವುದು ಸುಖವಾಗಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅತ್ತ ಇಂಗ್ಲೆಂಡಿನಲ್ಲಿ ಒಬಡಾಯ ಎಲಿಯಟ್ ಎಂಬ ಸಾರೋಟು ಕಟ್ಟುವವನು 1804-05ರ ಸುಮಾರಿಗೆ ಎರಡು ಬಾಗಿದ ಉಕ್ಕಿನ ಪಟ್ಟಿಕಟ್ಟುಗಳನ್ನು ಎದುರುಬದುರಾಗಿ ಜೋಡಿಸಿ, ಅವುಗಳ ಮೇಲೆ ಸಾರೋಟನ್ನು ಕೂರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅದುವರೆಗೆ ಸಾರೋಟಿನ ಕೆಳಗೆ ಉದ್ದಕ್ಕೂ ಹಾಯುತ್ತಿದ್ದ ಭಾರವಾದ ತೊಲೆ ಅನಗತ್ಯವಾಯಿತು. ಗಾಡಿ ಹಗುರವಾಯಿತು, ತಗ್ಗಾಯಿತು. ಲಂಡನ್ನಿನ ಶ್ರೀಮಂತರು ಮುಗಿಬಿದ್ದು ಕೊಂಡರು. ಅಮೆರಿಕದಲ್ಲಿ ಮಾತ್ರ ರಸ್ತೆಗಳು ಉಕ್ಕಿನ ಪಟ್ಟಿಗಳನ್ನು ಮುರಿದುಹಾಕುವಷ್ಟು ಒರಟಾಗಿದ್ದವು. 1827ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಕಾನ್‌ಕರ್ಡ್ ಪಟ್ಟಣದಲ್ಲಿ ತಯಾರಾಗತೊಡಗಿದ ಪ್ರಯಾಣಿಕರ ಕೋಚುಗಳನ್ನು ಆದಕಾರಣ ದಪ್ಪ ತೊಗಲಿನ ಪಟ್ಟಿಗಳ ಮೇಲೆ ತೂಗುಬಿಟ್ಟರು. ಕೋಚು ನೆಗೆಯುವುದನ್ನು ಬಿಟ್ಟು ತೊನೆಯಲಾರಂಭಿಸಿತು. ಕೆಲವರಿಗೆ ಹಡಗಿನಲ್ಲಿ ಕುಳಿತಂತೆ ವಾಂತಿಯೂ ಬರುತ್ತಿತ್ತು.

ಪೆಟ್ಟನ್ನು ಮೆತ್ತಗಾಗಿಸಿದೊಡನೆ ಅಲ್ಲಾಟವೆಂಬ ಹೊಸ ತೊಂದರೆ ಎದುರಾಯಿತು. ಸ್ಪ್ರಿಂಗು ಪೆಟ್ಟನ್ನು ನುಂಗುವುದಿಲ್ಲ, ಸಾಲವಾಗಿ ಪಡೆಯುತ್ತದೆ ಅಷ್ಟೇ, ಮರುಕ್ಷಣ ಹಿಂದಿರುಗಿಸುತ್ತದೆ. ಕುದುರೆಯ ನಡಿಗೆಯ ವೇಗದಲ್ಲಿ ಇದು ಸಹ್ಯವಾಗಿತ್ತು. ಪಟ್ಟಿಕಟ್ಟಿನ ಪದರಗಳು ಒಂದಕ್ಕೊಂದು ಉಜ್ಜಿಕೊಂಡೇ ಅಲ್ಲಾಟವನ್ನು ಒಂದಿಷ್ಟು ತಗ್ಗಿಸುತ್ತಿದ್ದವು. ಮೋಟಾರು ಬಂದು ವೇಗ ಹೆಚ್ಚಿದಾಗ ಆ ಉಜ್ಜಾಟ ಸಾಲದಾಯಿತು.

1908ರಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಮುಂದೊಂದು ಹಿಂದೊಂದು ಅಡ್ಡಲಾಗಿ ಕೂರಿಸಿದ ಪಟ್ಟಿ ಸ್ಪ್ರಿಂಗುಗಳಿದ್ದವು. ಷಾಕ್ ಅಬ್ಸಾರ್ಬರ್ ಇರಲಿಲ್ಲ. ಉಬ್ಬು ಹಾಯ್ದ ಮೇಲೂ ಕಾರು ಕೆಲಕಾಲ ಕುಣಿಯುತ್ತಲೇ ಇರುತ್ತಿತ್ತು. ಆ ಕುಣಿತವೇ ಒಂದು ಉದ್ಯಮಕ್ಕೆ ಜನ್ಮವಿತ್ತಿತು. ಫ್ರಾನ್ಸಿನ ಟ್ರುಫೋ ಎಂಬಾತ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕತ್ತರಿಯ ಆಕಾರದ ಎರಡು ತೋಳುಗಳ ನಡುವೆ ಬಿಲ್ಲೆಗಳನ್ನು ಬಿಗಿದು, ಅವುಗಳ ಘರ್ಷಣೆಯಿಂದ ಅಲ್ಲಾಟವನ್ನು ತಡೆಯುವ ಉಪಾಯ ಕಂಡುಹಿಡಿದಿದ್ದನು. ಎಡ್ವರ್ಡ್ ಹಾರ್ಟ್‌ಫರ್ಡ್ ಎಂಬ ಅಮೆರಿಕನ್ನನು ಅದನ್ನು ಇಲ್ಲಿಗೆ ತಂದು ಮಾರಿದನು. ಕ್ಲೀವ್‌ಲ್ಯಾಂಡಿನ ಕ್ಲಾಡ್ ಫಾಸ್ಟರ್ ಇನ್ನೂ ಸರಳವಾದ ಹಾದಿ ಹಿಡಿದನು: ಸುತ್ತಿಟ್ಟ ಪಟ್ಟಿಯೊಂದು ಸ್ಪ್ರಿಂಗು ಮೇಲೇಳುವಾಗ ಬಿಗಿಹಿಡಿದು ನಿಲ್ಲಿಸುವ ‘ಸ್ನಬ್ಬರ್’. ಲಕ್ಷಗಟ್ಟಲೆ ಜನ ಅದನ್ನು ಕೊಂಡು ತಮ್ಮ ಕಾರಿಗೆ ಜೋಡಿಸಿಕೊಂಡರು. ಹಾಗೆ ಗಳಿಸಿದ ಸಂಪತ್ತಿನ ಬಹುಭಾಗವನ್ನು ಫಾಸ್ಟರ್ 1952ರಲ್ಲಿ ತನ್ನೂರಿನ ಸಂಸ್ಥೆಗಳಿಗೆ ಹಂಚಿಬಿಟ್ಟನೆಂಬುದು ಈ ಕಥೆಗೆ ನೇರವಾಗಿ ಸಂಬಂಧಿಸಿದ್ದಲ್ಲವಾದರೂ ನೆನೆಯತಕ್ಕದ್ದು.

ಘರ್ಷಣೆಯ ಬಿಲ್ಲೆಗಳಿಗೆ ಒಂದು ಸಹಜ ದೋಷವಿತ್ತು. ಸಣ್ಣ ಅಲುಗಾಟಕ್ಕೂ ದೊಡ್ಡ ನೆಗೆತಕ್ಕೂ ಅವು ಒಡ್ಡುವ ತಡೆ ಹೆಚ್ಚುಕಡಿಮೆ ಒಂದೇ. ದ್ರವಕ್ಕೆ ಆ ದೋಷವಿಲ್ಲ. ಸಣ್ಣ ತೂತಿನ ಮೂಲಕ ಎಣ್ಣೆಯನ್ನು ನಿಧಾನವಾಗಿ ನೂಕಿದರೆ ಅದು ದಾರಿ ಬಿಡುತ್ತದೆ; ರಭಸದಿಂದ ನೂಕಿದರೆ ಎದುರು ನಿಲ್ಲುತ್ತದೆ. ಅಲ್ಲಾಟದ ಶಕ್ತಿ ಬಿಸಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಮಾರಿಸ್ ಹೂಡಾಯ್ ಎಂಬ ಇನ್ನೊಬ್ಬ ಫ್ರೆಂಚ್ ಶೋಧಕನು ಈ ತತ್ತ್ವದ ಮೇಲೆ ಎಣ್ಣೆ ತುಂಬಿದ ದುಂಡು ಡಬ್ಬಿಯೊಂದನ್ನು ರಚಿಸಿದನು. ಮಾಡೆಲ್ ಟಿ ನಿಂತುಹೋಗಿ 1927ರ ಕೊನೆಯಲ್ಲಿ ಮಾಡೆಲ್ ಎ ಬಂದಾಗ, ಹೆನ್ರಿ ಫೋರ್ಡ್ ಅಂಥ ನಾಲ್ಕು ಡಬ್ಬಿಗಳನ್ನು ಕಾರ್ಖಾನೆಯಿಂದಲೇ ಜೋಡಿಸಿ ಕಳುಹಿಸಿದನು. ಅಗ್ಗದ ಕಾರಿಗೆ ಅದೊಂದು ದೊಡ್ಡ ಹೆಜ್ಜೆ. ಡೆಟ್ರಾಯಿಟ್ಟಿನ ದಕ್ಷಿಣಕ್ಕಿರುವ ಮನ್ರೋ ಪಟ್ಟಣದಲ್ಲಿ 1916ರಲ್ಲಿ ಟೈರಿಗೆ ಗಾಳಿ ತುಂಬುವ ಪಂಪುಗಳನ್ನು ಮಾಡಲು ಹುಟ್ಟಿದ ಪುಟ್ಟ ಕಂಪನಿಯೊಂದು 1926ರಲ್ಲಿ ಷಾಕ್ ಅಬ್ಸಾರ್ಬರುಗಳತ್ತ ತಿರುಗಿತು. ಆ ಊರಿನ ಹೆಸರು ಇಂದು ಜಗತ್ತಿನ ಗ್ಯಾರೇಜುಗಳಲ್ಲೆಲ್ಲ ಪೆಟ್ಟಿಗೆಗಳ ಮೇಲೆ ಮುದ್ರಿತವಾಗಿದೆ. ಮುಂದಿನ ದಶಕಗಳಲ್ಲಿ ದುಂಡು ಡಬ್ಬಿ ಹೋಗಿ, ನಾವು ಈಗ ಕಾಣುವ ಕೊಳವೆಯಾಕಾರದ ಷಾಕ್ ಅಬ್ಸಾರ್ಬರ್ ಎಲ್ಲೆಡೆ ನೆಲೆಗೊಂಡಿತು.

ಕೊಳವೆ ಬಂದಿತು, ಆದರೆ ಅದರ ತುದಿಗಳು? ಒಂದು ತುದಿ ವಾಹನದ ಚೌಕಟ್ಟಿಗೆ, ಇನ್ನೊಂದು ಅಚ್ಚಿಗೆ ಬಿಗಿಯಬೇಕು. ಅಚ್ಚು ಮೇಲೆ ಕೆಳಗೆ ಹೋಗುವಾಗ ಕೊಳವೆ ತುಸು ವಾಲುತ್ತದೆ. ಆದ್ದರಿಂದ ತುದಿಗಳು ತಿರುಗುವಂತಿರಬೇಕು, ಆದರೆ ಸಡಿಲವಾಗಿರಬಾರದು. ಇದೇ ನಮ್ಮ ಗಾಡಿ ಹೊಡೆಯುವವನ ಹಳೆಯ ಸಮಸ್ಯೆ. ಆಗ ಇದ್ದ ಪರಿಹಾರವೂ ಹಳೆಯದೇ: ಲೋಹದ ಗೂಟ, ಅದರ ಸುತ್ತ ಕಂಚಿನ ಬುಷ್, ನಡುವೆ ಜಿಡ್ಡು. ಸ್ಪ್ರಿಂಗಿನ ತುದಿಗಳಲ್ಲಿ, ಸ್ಟಿಯರಿಂಗಿನ ಕೊಂಡಿಗಳಲ್ಲಿ, ಎಲ್ಲ ಕಡೆಯೂ ಅಂಥ ಕೀಲುಗಳು. ಮಾಡೆಲ್ ಎ ಕಾರಿನ ಮಾಲೀಕನು ಪ್ರತಿ 500 ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ಕಾರಿನ ಕೆಳಗೆ ನುಸುಳಬೇಕಾಗಿತ್ತು. ಆರ್ಥರ್ ಗುಲ್ಬೋರ್ಗ್ ಮತ್ತು ವಿಯೆನ್ನಾ ಮೂಲದ ಆಸ್ಕರ್ ಜೆರ್ಕ್ ಇವರ ಶೋಧಗಳಿಂದ ಗ್ರೀಸ್ ತುಂಬುವ ಕೆಲಸ ಸುಲಭವಾಯಿತು. ಗ್ಯಾರೇಜಿನಲ್ಲಿ ಇಂದಿಗೂ ನಾವು ಗ್ರೀಸ್ ನಿಪ್ಪಲ್ ಎನ್ನುವ ಸಣ್ಣ ಗುಬುಟಿಗೆ ಅಮೆರಿಕದಲ್ಲಿ ಜೆರ್ಕ್ ಎಂದೇ ಹೆಸರು. ಸುಲಭವಾಯಿತು, ಆದರೆ ತಪ್ಪಲಿಲ್ಲ. ಮಣ್ಣುದಾರಿಯ ಧೂಳು ಗ್ರೀಸಿಗೆ ಸೇರಿದರೆ ಅದು ಜಿಡ್ಡಾಗಿ ಉಳಿಯುವುದಿಲ್ಲ, ಸಾಣೆಯಾಗುತ್ತದೆ.

ಇದರಿಂದ ಬಿಡುಗಡೆ ತಂದದ್ದು ರಬ್ಬರು. ಉಕ್ಕಿನ ಎರಡು ಕೊಳವೆಗಳನ್ನು ಒಂದರೊಳಗೊಂದಿಟ್ಟು, ನಡುವಿನ ಜಾಗದಲ್ಲಿ ರಬ್ಬರನ್ನು ಬಲವಾಗಿ ಒತ್ತಿ ತುಂಬಿದರೆ, ಒಳಗಿನ ಕೊಳವೆ ಸ್ವಲ್ಪ ತಿರುಗಿದಾಗ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ರಬ್ಬರು ತನ್ನೊಳಗೇ ತಿರುಚಿಕೊಂಡು ಮತ್ತೆ ನೇರವಾಗುತ್ತದೆ. ಜಾರದಿದ್ದರೆ ಜಿಡ್ಡು ಬೇಕಿಲ್ಲ. ಧೂಳು ನುಗ್ಗಲು ಸಂದಿಯಿಲ್ಲ. ಲೋಹಕ್ಕೆ ಲೋಹ ತಾಗದ ಕಾರಣ ಸದ್ದೂ ಇಲ್ಲ. 1920ರ ದಶಕದಲ್ಲಿ ಲೇಯೋ ಥಿರಿ ಎಂಬಾತನು ರೂಪಿಸಿದ ಇಂಥ ಕೀಲುಗಳು ಫ್ರಾನ್ಸಿನಲ್ಲಿ ಸೈಲೆಂಟ್‌ಬ್ಲಾಕ್ ಎಂಬ ಹೆಸರಿನಿಂದ ಮಾರಾಟವಾದವು. ಮೌನದ ತುಂಡು ಎಂಬರ್ಥದ ಆ ಹೆಸರಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. 1931ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನೇ ರಬ್ಬರಿನ ಮೇಲೆ ಕೂರಿಸಿ, ಅದನ್ನೇ ದೊಡ್ಡ ಜಾಹೀರಾತಾಗಿಸಿತು. ವಾಹನದ ಸಂದುಸಂದುಗಳಿಗೆ ರಬ್ಬರು ಹೊಕ್ಕಿತು.

ಆ ರಬ್ಬರಿಗೂ ತನ್ನದೇ ಆದ ಚರಿತ್ರೆಯುಂಟು. ಬಿಸಿಲಿಗೆ ಅಂಟಂಟಾಗಿ ಚಳಿಗೆ ಸೆಟೆದುಕೊಳ್ಳುತ್ತಿದ್ದ ಮರದ ಹಾಲನ್ನು ಗಂಧಕದೊಡನೆ ಕಾಯಿಸಿ ಪಳಗಿಸುವ ವಿಧಾನವನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು, ಐದು ವರ್ಷಗಳ ಬಳಿಕ ಪೇಟೆಂಟ್ ಪಡೆದನು, ಸಾಲದಲ್ಲೇ ಸತ್ತನು. 1876ರಲ್ಲಿ ಹೆನ್ರಿ ವಿಕಮ್ ಬ್ರೆಜಿಲಿನಿಂದ ಸಾಗಿಸಿದ ಬೀಜಗಳು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಮೊಳೆತು, ಸಿಲೋನ್ ಮತ್ತು ಮಲಯದ ತೋಟಗಳಾದವು. 1942ರಲ್ಲಿ ಮಲಯದ ತೋಟಗಳು ಜಪಾನಿನ ವಶವಾದಾಗ ಅಮೆರಿಕಕ್ಕೆ ತನ್ನ ವಾಹನಗಳು ಎಷ್ಟರಮಟ್ಟಿಗೆ ಒಂದು ಮರದ ಹಾಲನ್ನು ನೆಚ್ಚಿಕೊಂಡಿವೆಯೆಂಬುದು ಮನದಟ್ಟಾಯಿತು. ಟೈರು ಉಳಿಸುವುದಕ್ಕಾಗಿ ದೇಶಾದ್ಯಂತ ಗಂಟೆಗೆ 35 ಮೈಲಿಯ ಮಿತಿ ಹೇರಲಾಯಿತು. ಕೃತಕ ರಬ್ಬರಿನ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ತಲೆಯೆತ್ತಿದವು. ಆದರೂ ಮತ್ತೆ ಮತ್ತೆ ತಿರುಚಿದರೂ ಬೇಗ ದಣಿಯದ ಗುಣದಲ್ಲಿ ಮರದ ರಬ್ಬರಿಗೆ ಸಾಟಿ ಕಡಿಮೆಯಾದ್ದರಿಂದ, ಸಸ್ಪೆನ್ಷನ್ನಿನ ಬುಷ್‌ಗಳಲ್ಲಿ ಇಂದಿಗೂ ಅದಕ್ಕೇ ಮೊದಲ ಮಣೆ.

ನಮ್ಮ ನಾಡಿನ ಒಂದು ಎಳೆಯೂ ಇಲ್ಲಿ ಸೇರಿಕೊಂಡಿದೆ. ಸಿಲೋನಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳು ಮೂಲದ ಕುಟುಂಬಗಳಲ್ಲಿ ಬಹಳಷ್ಟನ್ನು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಭಾರತಕ್ಕೆ ಕರೆತಂದಾಗ, ಕೆಲವರಿಗೆ ಸುಳ್ಯ–ಪುತ್ತೂರು ಸೀಮೆಯಲ್ಲಿ ಸರಕಾರದ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳನ್ನು ನೋಡಿಕೊಳ್ಳುತ್ತ ಬಂದಿದೆ. ದಕ್ಷಿಣ ಕನ್ನಡದ ಓದುಗರಿಗೆ ಬೆಳಗಿನ ಜಾವದಲ್ಲಿ ಮರದ ತೊಗಟೆ ಗೀರಿ, ತೊಟ್ಟಿಕ್ಕುವ ಹಾಲಿಗೆ ಚಿಪ್ಪು ಕಟ್ಟುವ ಕೆಲಸದವರನ್ನು ವರ್ಣಿಸಿ ಹೇಳಬೇಕಿಲ್ಲ.

ಇನ್ನು ಪಿಕಪ್ ಟ್ರಕ್ಕಿನ ಸಂಗತಿ. ಅದು ಕಾರ್ಖಾನೆಯ ಕಲ್ಪನೆಯಾಗುವ ಮೊದಲು ರೈತನ ಕಲ್ಪನೆಯಾಗಿತ್ತು. ಮಾಡೆಲ್ ಟಿ ಕಾರಿನ ಹಿಂಭಾಗವನ್ನು ಕತ್ತರಿಸಿ, ಅಲ್ಲೊಂದು ಮರದ ಪೆಟ್ಟಿಗೆ ಕೂರಿಸಿ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಸಾಗಿಸುವವರು ಊರೂರಲ್ಲೂ ಇದ್ದರು. ಅದನ್ನು ಕಂಡ ಫೋರ್ಡ್ ಸಂಸ್ಥೆ 1925ರ ಏಪ್ರಿಲ್‌ನಲ್ಲಿ ಉಕ್ಕಿನ ಪೆಟ್ಟಿಗೆಯಿದ್ದ ಮಾಡೆಲ್ ಟಿಯನ್ನು 281 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಹಿಂದಿನ ಸ್ಪ್ರಿಂಗನ್ನು ಹೊರೆ ತಾಳುವಂತೆ ಗಟ್ಟಿಗೊಳಿಸಲಾಗಿತ್ತು. ಸರಕಿಗೆ ಇದು ತಕ್ಕದ್ದೇ. ಆದರೆ ಹೊರೆಯಿಲ್ಲದೆ ಹಿಂದಿರುಗುವಾಗ, ಆ ಗಟ್ಟಿ ಸ್ಪ್ರಿಂಗಿನ ಪ್ರತಿಯೊಂದು ಪೆಟ್ಟು ಚಾಲಕನ ಬೆನ್ನಿಗೆ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಭಾಗ. 1930ರಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆಯನ್ನು ಬಿಟ್ಟು ಕ್ಯಾಡಿಲಾಕ್‌ಗೆ ಸೇರಿದ ಮಾರಿಸ್ ಆಲಿ ಎಂಬ ಎಂಜಿನಿಯರ್, ಮೆತ್ತನೆಯ ಸವಾರಿ ಎಂದರೇನು ಎಂಬುದನ್ನು ಮೊದಲ ಬಾರಿಗೆ ಅಳೆದು ನೋಡಲು ಹೊರಟನು. ದೊಡ್ಡ ಕಾರೊಂದರ ಹಿಂದು ಮುಂದುಗಳಲ್ಲಿ ಭಾರದ ತುಂಡುಗಳನ್ನು ಸರಿಸುತ್ತ, ಸ್ಪ್ರಿಂಗುಗಳನ್ನು ಬದಲಿಸುತ್ತ, ಕುಳಿತವರ ಅನುಭವ ಕೇಳುತ್ತ, ಅವನು ಮತ್ತು ಅವನ ಸಂಗಡಿಗರು ತಿಂಗಳುಗಟ್ಟಲೆ ಓಡಾಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿರಬೇಕು. ಹಾಗಿರಬೇಕಾದರೆ ಮುಂದಿನ ಎರಡು ಚಕ್ರಗಳನ್ನು ಒಂದೇ ಅಚ್ಚಿಗೆ ಕಟ್ಟಕೂಡದು ಎಂಬ ತೀರ್ಮಾನಕ್ಕೆ ಬಂದರು. 1934ರಲ್ಲಿ ಜನರಲ್ ಮೋಟರ್ಸ್ ತನ್ನ ಕಾರುಗಳಲ್ಲಿ ಪ್ರತ್ಯೇಕವಾಗಿ ಏಳುವ ಬೀಳುವ ಮುಂಚಕ್ರಗಳನ್ನು ತಂದಿತು. ಫೋರ್ಡ್ ಕಾರುಗಳು 1949ರ ಮಾದರಿಯಲ್ಲಿ ಅದೇ ದಾರಿ ಹಿಡಿದವು. ಆದರೆ 1948ರಲ್ಲಿ ಬಂದ ಫೋರ್ಡ್‌ನ ಹೊಸ ಎಫ್ ಸರಣಿಯ ಪಿಕಪ್ಪಿನ ಮುಂದೆ ಇದ್ದದ್ದು ಇಡಿಯ ಅಚ್ಚು, ಪಟ್ಟಿ ಸ್ಪ್ರಿಂಗು. ಷೆವರ್ಲೆ ತನ್ನ ಪಿಕಪ್ಪುಗಳ ಮುಂಚಕ್ರಗಳನ್ನು ಬಿಡಿಸಿದ್ದು 1960ರಲ್ಲಿ, ಫೋರ್ಡ್ ತನ್ನ ಜೋಡಿ ತೊಲೆಯ ವ್ಯವಸ್ಥೆಯನ್ನು ತಂದದ್ದು 1965ರಲ್ಲಿ, ಡಾಡ್ಜ್ 1972ರಲ್ಲಿ. ಕಾರಿನ ಚೌಕಟ್ಟಿನ ಮೇಲೆ ಕಟ್ಟಿದ ಕೆಲವನ್ನು ಹೊರತುಪಡಿಸಿದರೆ, ಕಾರಿಗೆ ದಕ್ಕಿದ್ದು ಕೆಲಸದ ಗಾಡಿಗೆ ದಕ್ಕಲು ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇಡಿಯ ಅಚ್ಚು ಗಟ್ಟಿ, ಅಗ್ಗ, ರೈತನೇ ರಿಪೇರಿ ಮಾಡಿಕೊಳ್ಳಬಲ್ಲಂಥದು ಎಂಬ ಸಮಾಧಾನವುಂಟು, ಅದು ಸುಳ್ಳಲ್ಲ. ಆದರೆ ಅದಿಷ್ಟೇ ಕಾರಣವೆಂದು ನನಗೆ ಅನಿಸುವುದಿಲ್ಲ. ಕಾರು ಕೊಳ್ಳುವವನು ಅದರಲ್ಲಿ ತಾನೇ ಕುಳಿತು ನೋಡಿ ಕೊಳ್ಳುತ್ತಾನೆ. ಟ್ರಕ್ಕನ್ನು ಅನೇಕ ಸಲ ಕೊಳ್ಳುವವನೊಬ್ಬ, ದಿನವಿಡೀ ಅದರಲ್ಲಿ ಕುಳಿತಿರುವವನು ಇನ್ನೊಬ್ಬ. ಮನುಷ್ಯನ ದೇಹ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲು ಕೆಳಗಿನ ಕಂಪನವನ್ನು ಎಲ್ಲಕ್ಕಿಂತ ಕಡಿಮೆ ಸಹಿಸುತ್ತದೆಂದು ಇಂದು ಅಂತರರಾಷ್ಟ್ರೀಯ ಮಾನಕಗಳೇ ಒಪ್ಪಿವೆ. ಬೆನ್ನುಹುರಿಗೆ ಅದು ಗೊತ್ತಿದ್ದದ್ದು ಬಹಳ ಮೊದಲೇ. ನಮ್ಮಲ್ಲಿಯೂ ಬಗೆ ಬೇರೆಯಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಗೆ ಒಳ್ಳೆಯ ಬೇರಿಂಗು, ಒಳ್ಳೆಯ ಚಕ್ರ, ಎತ್ತಿನ ಹೆಗಲನ್ನು ಕೊರೆಯದ ನೊಗ ಬೇಕೆಂದು ಪಟ್ಟುಹಿಡಿದು ವಾದಿಸಿದರು. ಅಷ್ಟು ಹೊತ್ತಿಗಾಗಲೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಬಂದಿದ್ದನು.

ಮತ್ತೆ ನನ್ನ ಅಂಗೈಯ ಬುಷ್‌ಗೆ ಬರುತ್ತೇನೆ. ರಬ್ಬರಿನ ಕೀಲು ನಮಗೆ ಮರೆವನ್ನು ವರವಾಗಿ ಕೊಟ್ಟಿತು. 500 ಮೈಲಿಗೊಮ್ಮೆ ಕೆಳಗೆ ನುಸುಳುತ್ತಿದ್ದವನ ಕಣ್ಣಿಗೆ ಬಿರುಕು, ಸೋರಿಕೆ, ಸಡಿಲವಾದ ನಟ್ಟು ಎಲ್ಲವೂ ಬೀಳುತ್ತಿದ್ದವು. ಈಗ ಯಾರೂ ನೋಡುವುದಿಲ್ಲ. ಗಾಳಿಯಲ್ಲಿರುವ ಓಝೋನು ಹಿಗ್ಗಿದ ರಬ್ಬರಿನ ಮೈಯನ್ನು ಕೂದಲೆಳೆಯಷ್ಟಷ್ಟಾಗಿ ಸೀಳುತ್ತ ಹೋಗುತ್ತದೆ. ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಇಲ್ಲಿಯ ಚಳಿಗಾಲದ ರಸ್ತೆಯುಪ್ಪು ಸುತ್ತಲಿನ ಉಕ್ಕನ್ನು ತಿನ್ನುತ್ತದೆ. ಕೊನೆಗೆ ಉಳಿಯುವುದು ಕೆಲವು ಮಿಲಿಮೀಟರಿನ ಸಡಿಲ. ಆ ಸಡಿಲದೊಳಗೆ ಚಕ್ರ ಏಳುವಾಗ ಬೀಳುವಾಗ ಕೊಳವೆಯೊಳಗಿನ ಎಣ್ಣೆ ಕದಲುವುದೇ ಇಲ್ಲ. ಹೊಚ್ಚ ಹೊಸ ಷಾಕ್ ಅಬ್ಸಾರ್ಬರಾಗಿದ್ದರೂ ಅಷ್ಟು ಚಲನೆಗೆ ಅದು ಇದ್ದೂ ಇಲ್ಲದಂತೆ. ಸಾಲುಸಾಲು ಸಣ್ಣ ಉಬ್ಬುಗಳಿರುವ ಮಣ್ಣುದಾರಿಯಲ್ಲಿ, ಹೊರೆಯಿಲ್ಲದ ಟ್ರಕ್ಕಿನ ಹಿಂಚಕ್ರ ನೆಲವನ್ನು ಬಿಟ್ಟು ಬಿಟ್ಟು ತಾಗುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕಿಲ್ಲ. ಆ ಟಕ್ ಟಕ್ ಸದ್ದನ್ನು ರೇಡಿಯೊ ಜೋರು ಮಾಡಿ ಮುಚ್ಚಬಾರದು.

ಬದಲಿಸುವ ಕೆಲಸಕ್ಕೆ ನನಗೆ ಒಂದು ಶನಿವಾರ ಪೂರ್ತಿ ಹಿಡಿಯಿತು. ಮುಂಚಕ್ರಗಳಿಗೆ ಅಡೆ ಕೊಟ್ಟು, ಹಿಂಬದಿಯನ್ನು ಜ್ಯಾಕಿನಿಂದ ಎತ್ತಿ, ಚೌಕಟ್ಟನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜ್ಯಾಕನ್ನು ನಂಬಿ ಕೆಳಗೆ ಹೋಗುವುದು ಮೂರ್ಖತನ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದೆ; ಆದರೂ ಒಂದು ಬೋಲ್ಟು ಕತ್ತರಿಸಿಯೇ ಹೊರಬಂದಿತು. ಹಳೆಯ ಬುಷ್‌ನ ಚೂರುಗಳನ್ನು ಕೆರೆದು ತೆಗೆದು, ಉಂಗುರದ ಒಳಮೈಯನ್ನು ಉಜ್ಜಿ, ಹೊಸದನ್ನು ವೈಸಿನಲ್ಲಿ ಒತ್ತಿ ಕೂರಿಸಿದೆ. ಜಾರಲೆಂದು ಗ್ರೀಸ್ ಹಚ್ಚಬಾರದು, ಅದು ರಬ್ಬರಿಗೆ ವಿಷ. ಸೋಪಿನ ನೀರು ಸಾಕು. ರಬ್ಬರಿನ ಬದಲು ಪಾಲಿಯುರೆಥೇನ್ ಬುಷ್‌ಗಳೂ ದೊರೆಯುತ್ತವೆ. ಬಾಳಿಕೆ ಹೆಚ್ಚು, ಆದರೆ ಅವು ಗಡಸು. ಒಳಗಿನ ಕೊಳವೆ ಅವುಗಳಲ್ಲಿ ಮತ್ತೆ ಜಾರುತ್ತದೆ, ಅವುಗಳೊಡನೆಯೇ ಬರುವ ಸಿಲಿಕೋನ್ ಜಿಡ್ಡನ್ನು ಹಚ್ಚಬೇಕಾಗುತ್ತದೆ. ನೂರು ವರ್ಷ ನಡೆದು ಕೀಲೆಣ್ಣೆಯ ಗೊಟ್ಟಕ್ಕೇ ಮರಳಿದಂತೆ! ನಾನು ರಬ್ಬರನ್ನೇ ಆರಿಸಿಕೊಂಡೆ. ಷಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗು ಸುತ್ತಿರುವ ವಾಹನಗಳಲ್ಲಿ ಮಾತ್ರ ಈ ಸಾಹಸ ಬೇಡ. ಅದುಮಿಟ್ಟ ಆ ಸ್ಪ್ರಿಂಗು ಪ್ರಾಣವನ್ನೇ ತೆಗೆಯಬಲ್ಲುದು; ಅದಕ್ಕೆ ತಕ್ಕ ಸಲಕರಣೆಯುಳ್ಳ ಗ್ಯಾರೇಜಿಗೆ ಒಪ್ಪಿಸುವುದು ಲೇಸು.

ಕೊನೆಯ ತಿರುವು ಎಲ್ಲಕ್ಕಿಂತ ಮುಖ್ಯ, ಮತ್ತು ಅನೇಕರು ತಪ್ಪುವುದೂ ಅಲ್ಲಿಯೇ. ಟ್ರಕ್ಕು ಸ್ಟ್ಯಾಂಡಿನ ಮೇಲಿದ್ದು ಅಚ್ಚು ಜೋತುಬಿದ್ದಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ, ರಬ್ಬರು ಆ ಭಂಗಿಯನ್ನೇ ತನ್ನ ವಿಶ್ರಾಂತಿಯೆಂದು ತಿಳಿಯುತ್ತದೆ. ಬಳಿಕ ವಾಹನ ನೆಲಕ್ಕಿಳಿದಾಗಿನಿಂದ ಅದು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ನಟ್ಟನ್ನು ಕೈಬಿಗಿತಕ್ಕೆ ಬಿಟ್ಟು, ಟ್ರಕ್ಕನ್ನು ಚಕ್ರಗಳ ಮೇಲೆ ಇಳಿಸಿ, ಹಿಂಬದಿಯ ಪೆಟ್ಟಿಗೆಯನ್ನು ಎರಡು ಮೂರು ಸಲ ಅದುಮಿ ಬಿಟ್ಟೆ. ಅದು ತನ್ನ ಸಹಜ ಎತ್ತರಕ್ಕೆ ಬಂದು ನಿಂತಿತು. ಮತ್ತೆ ಕೆಳಗೆ ನುಸುಳಿ, ಟಾರ್ಕ್ ರೆಂಚಿನ ಟಿಕ್ ಎಂಬ ಸದ್ದು ಬರುವವರೆಗೆ ಬಿಗಿದೆ.